ಚಿತ್ತಿನಿಂದ ಚಿತ್ರಕ್ಕೆ

ಕಲಬುರಗಿಯಿಂದ ಅಫಜಲಪುರದ ಬಸ್ಸು ಹತ್ತಿದರೆ ಚೌಡಾಪುರದಲ್ಲಿ ಒಂದು ಸಣ್ಣ ಗದ್ದಲ ಆಗಿಯೇ ಆಗುತ್ತದೆ. ಕನ್ನಡದಷ್ಟೇ ಮರಾಠಿಯೂ ಕೇಳಿಸುತ್ತದೆ. ಹೆಗಲಿಗೆ ಜೋಳಿಗೆ, ಕೈಯಲ್ಲಿ ಹಸುಗೂಸು, ಬಗಲಲ್ಲಿ ಗುರುಚರಿತ್ರೆಯ ಗಂಟು. ಇಳಿದವರಲ್ಲಿ ಹೆಚ್ಚಿನವರು ಈ ಊರಿನವರಲ್ಲ; ಇಲ್ಲಿಂದ ತಿರುಗಿ ದೇವಲ ಗಾಣಗಾಪುರಕ್ಕೆ ಹೋಗುವವರು. ಚೌಡಾಪುರಕ್ಕೆ ಅವರು ಯಾವತ್ತೂ ಬರುವುದಿಲ್ಲ, ಚೌಡಾಪುರದ ಮೇಲಿಂದ ಹೋಗುತ್ತಾರೆ ಅಷ್ಟೆ.

ಅವರು ಗಾಣಗಾಪುರಕ್ಕೆ ಹೋಗಿ ನೋಡುವುದಾದರೂ ಏನು? ಗರ್ಭಗುಡಿಯ ಕಿರುಗಿಂಡಿಗೆ ಕಣ್ಣು ಹಚ್ಚಿದರೆ ಕಾಣುವುದು ಪಾದುಕೆ. ಗುರುಚರಿತ್ರೆಯ ಗುರುಗಳಾದ ನೃಸಿಂಹ ಸರಸ್ವತಿಗಳು ಹೋಗುವಾಗ ಬಿಟ್ಟುಹೋದವು ಎಂದು ಭಕ್ತರು ನಂಬುವ ಇವುಗಳಿಗೆ 'ನಿರ್ಗುಣ ಪಾದುಕೆ' ಎಂದು ಹೆಸರು. ನಿರ್ಗುಣ, ಅಂದರೆ ಗುಣವಿಲ್ಲದ್ದು, ಆಕಾರದ ಹಂಗಿಲ್ಲದ್ದು. ಆ ಊರ ಪಕ್ಕದ ಭೀಮಾ ನದಿಯ ಜೊತೆ ಕೆಳಕ್ಕೆ ಹರಿಯುತ್ತ ಹೋದರೆ, ಜೇವರ್ಗಿ ಸೀಮೆಯನ್ನು ದಾಟಿ, ಸನ್ನತಿಯ ಹತ್ತಿರ ಕನಗನಹಳ್ಳಿ ಸಿಗುತ್ತದೆ. ಎರಡು ಸಾವಿರ ವರ್ಷದ ಹಿಂದಿನ ಬೌದ್ಧ ಸ್ತೂಪ. 'ರಾಯ ಅಸೋಕೊ' ಎಂದು ಹೆಸರು ಕೊರೆದ ಅಶೋಕನ ಉಬ್ಬುಶಿಲ್ಪ ಸಿಕ್ಕಿದ್ದರಿಂದ ಅದು ಸುದ್ದಿಯಾಯಿತು. ನನಗೆ ಅಶೋಕನಿಗಿಂತ ಹೆಚ್ಚಾಗಿ ನೆನಪಿನಲ್ಲಿ ಉಳಿದದ್ದು ಬುದ್ಧನ ಪಾದಗಳು. ಆ ಕಾಲದ ಶಿಲ್ಪಿಗಳಿಗೆ ಬುದ್ಧನನ್ನು ತೋರಿಸಲು ಬುದ್ಧನ ಮುಖವೇ ಬೇಕು ಅನ್ನಿಸಿರಲಿಲ್ಲ. ಎರಡು ಪಾದ ಸಾಕಿತ್ತು, ಖಾಲಿ ಪೀಠ ಸಾಕಿತ್ತು. ಒಂದೇ ಹೊಳೆ, ಮೇಲೊಂದು ಜೋಡಿ ಪಾದ, ಕೆಳಗೊಂದು ಜೋಡಿ ಪಾದ. ನಡುವಿನ ಶತಮಾನಗಳಲ್ಲಿ ಇದೇ ನಾಡು ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ಬಯಲಿನ ಮಾತೂ ಆಡಿತು.

ಇಂಥ ನಾಡಿನಲ್ಲಿ ಹುಟ್ಟಿದ ನಾವು ಒಂದು ಅಮೂರ್ತ ಚಿತ್ರದ ಮುಂದೆ ನಿಂತ ಕೂಡಲೇ ಕೇಳುವ ಪ್ರಶ್ನೆ ಮಾತ್ರ ಒಂದೇ: "ಇದ್ ಏನ್ ತೆಗ್ದಾರ್ರೀ?"

ನಾನೂ ಕೇಳಿದವನೇ. ಕಾರಣ ನಮ್ಮ ಮನೆಯ ಗೋಡೆಯ ಮೇಲಿತ್ತು. ಕ್ಯಾಲೆಂಡರ್. ವರ್ಷ ಮುಗಿದರೂ ತೆಗೆಯದೆ, ತಾರೀಖಿನ ಹಾಳೆಯಷ್ಟೇ ಹರಿದು ಚಿತ್ರ ಉಳಿಸಿಕೊಂಡ ಕ್ಯಾಲೆಂಡರ್. ಆ ದೇವ-ದೇವತೆಯರ ದುಂಡು ತೋಳು, ಹೊಳೆಯುವ ಕಣ್ಣು, ಮೈಮೇಲಿನ ಬೆಳಕು, ಇವನ್ನೆಲ್ಲ ದೇಶಕ್ಕೆ ಕಲಿಸಿದವರಲ್ಲಿ ಒಬ್ಬರು ನಮ್ಮ ಕಲಬುರಗಿಯವರೇ, ಎಸ್.ಎಂ. ಪಂಡಿತ್. 1916ರಲ್ಲಿ ಹುಟ್ಟಿದ ಅವರು ಮುಂಬೈಯಲ್ಲಿ ಸಿನಿಮಾ ಪೋಸ್ಟರು, 'ಫಿಲ್ಮ್ ಇಂಡಿಯಾ' ಪತ್ರಿಕೆಯ ಮುಖಪುಟ, ಕ್ಯಾಲೆಂಡರುಗಳಿಂದ ಹೆಸರಾಗಿ ಕೊನೆಗೆ ಊರಿಗೇ ಮರಳಿದರು. ಕಲಬುರಗಿಯ ರಂಗಮಂದಿರಕ್ಕೆ ಇರುವುದು ಅವರದೇ ಹೆಸರು. ಪಂಡಿತರ ಕೈ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಕೈ ಎಷ್ಟು ಚೆನ್ನಾಗಿ ಕೆಲಸ ಮಾಡಿತೆಂದರೆ, ಚಿತ್ರ ಅಂದರೆ ಯಾರದೋ ಒಬ್ಬರ ಚಿತ್ರ ಆಗಿರಲೇಬೇಕು ಎಂದು ನಮ್ಮ ಕಣ್ಣು ಹಟ ಹಿಡಿದುಬಿಟ್ಟಿತು. ಮುಂದೆ ವಿ.ಜಿ. ಅಂದಾನಿ, ಜೆ.ಎಸ್. ಖಂಡೇರಾವ್ ಅವರಂಥ ಹಿರಿಯರು ಇದೇ ಊರಿನಲ್ಲಿ ಕೂತು ಕಲಾಶಾಲೆ, ಪ್ರದರ್ಶನ ಎಂದು ಒದ್ದಾಡಿದರೂ ಆ ಹಟ ಪೂರಾ ಬಿಟ್ಟಿಲ್ಲ.

ನನ್ನ ಹಟ ಬಿಡಿಸಿದ್ದು ಒಬ್ಬ ಕವಿ. ಯಾವ ಕಲಾಶಾಲೆಯ ಮೆಟ್ಟಿಲನ್ನೂ ವಿದ್ಯಾರ್ಥಿಯಾಗಿ ಹತ್ತದೆ, ಅರವತ್ತು ದಾಟಿದ ಮೇಲೆ ಚಿತ್ರಕ್ಕಿಳಿದು, ಸಾಯುವುದರೊಳಗೆ 2,000ಕ್ಕೂ ಹೆಚ್ಚು ಚಿತ್ರ ಮಾಡಿಹೋದ ರವೀಂದ್ರನಾಥ ಠಾಕೂರ್.

ಠಾಕೂರರನ್ನು ನಾವು ಗಡ್ಡ, ಗೀತಾಂಜಲಿ, ರಾಷ್ಟ್ರಗೀತೆ ಇಷ್ಟರಲ್ಲಿ ಮುಗಿಸಿಬಿಟ್ಟಿದ್ದೇವೆ. ಕನ್ನಡನಾಡಿನ ನಂಟು ನೆನೆಯುವವರು ಕಾರವಾರದ ಕಡಲತೀರದ ಹೆಸರು ಹೇಳುತ್ತಾರೆ. ನಂಟು ನಿಜವೇ. ಅಣ್ಣ ಸತ್ಯೇಂದ್ರನಾಥರು, ಐಸಿಎಸ್ ಪಾಸಾದ ಮೊದಲ ಭಾರತೀಯ, ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. 1883ರಲ್ಲಿ ಇಪ್ಪತ್ತೆರಡರ ರವೀಂದ್ರ ಅಲ್ಲಿ ಬಂದು ಉಳಿದು, ಕಾಳಿ ನದಿ ನೋಡಿ, 'ಪ್ರಕೃತಿರ್ ಪ್ರತಿಶೋಧ' ನಾಟಕ ಬರೆದರು. ಆಗ ಅವರ ಕೈಯಲ್ಲಿದ್ದದ್ದು ಬರವಣಿಗೆಯ ಲೇಖನಿ ಮಾತ್ರ.

ಚಿತ್ರದ ಆಸೆ ಇರಲಿಲ್ಲ ಎಂದಲ್ಲ. ಆ ಮನೆತನವೇ ಹಾಗೆ. ಮಕ್ಕಳಿಗೆ ಕುಸ್ತಿ, ಸಂಗೀತ, ಸಂಸ್ಕೃತದ ಜೊತೆಗೆ ಚಿತ್ರದ ಮೇಷ್ಟ್ರೂ ಮನೆಗೇ ಬರುತ್ತಿದ್ದರು. ಆ ಪಾಠ ಕೈಗೆ ಹತ್ತಲಿಲ್ಲ. ಇನ್ನೊಬ್ಬ ಅಣ್ಣ ಜ್ಯೋತಿರಿಂದ್ರನಾಥರು ಕೂತಲ್ಲಿ ನಿಂತಲ್ಲಿ ಎದುರಿಗಿದ್ದವರ ಮುಖ ಬರೆಯುತ್ತಿದ್ದರು. ಚಿಕ್ಕಪ್ಪನ ಮೊಮ್ಮಗ ಅಬನೀಂದ್ರನಾಥರಂತೂ ಬಂಗಾಳ ಶೈಲಿಯೆಂಬ ಒಂದು ಪಂಥಕ್ಕೇ ಗುರುವಾದರು. ಇಷ್ಟೆಲ್ಲ ಕೈಗಳ ನಡುವೆ ತಮ್ಮ ಕೈ ಒಂದು ಸಪ್ಪೆ ಎಂಬ ಭಾವನೆ ಠಾಕೂರರಿಗೆ ಬಹಳ ವರ್ಷ ಇತ್ತು. 1900ರಲ್ಲಿ ವಿಜ್ಞಾನಿ ಜಗದೀಶಚಂದ್ರ ಬೋಸರಿಗೆ ಬರೆದ ಒಂದು ಕಾಗದದಲ್ಲಿ ಅವರು ತಮ್ಮನ್ನೇ ಗೇಲಿ ಮಾಡಿಕೊಳ್ಳುತ್ತಾರೆ: ಚಿತ್ರದ ವಹಿ ಹಿಡಿದು ಕೂತಿದ್ದೇನೆ, ಇವು ಪ್ಯಾರಿಸ್ಸಿನ ಪ್ರದರ್ಶನಕ್ಕಂತೂ ಅಲ್ಲ, ಕುರೂಪಿ ಮಗನ ಮೇಲೆ ತಾಯಿಗೆ ಮಮತೆ ಹೆಚ್ಚಿರುವ ಹಾಗೆ ನನಗೆ ಬಾರದ ವಿದ್ಯೆಯ ಮೇಲೇ ಮೋಹ, ಪೆನ್ಸಿಲ್ಲಿಗಿಂತ ರಬ್ಬರೇ ಹೆಚ್ಚು ಸವೆಯುತ್ತಿದೆ, ಎಂಬ ಧಾಟಿ. ಪ್ಯಾರಿಸ್ ಮತ್ತು ರಬ್ಬರು, ಈ ಎರಡು ಮಾತನ್ನು ನೆನಪಿಟ್ಟುಕೊಳ್ಳಿ. ಮುಂದಿನ ಕಥೆ ಇವೆರಡರದ್ದೇ.

ಶಾಲೆಯಲ್ಲಿ ನಮ್ಮ ಮೇಷ್ಟ್ರು ಹೇಳುತ್ತಿದ್ದರಲ್ಲ, ಚಿತ್ತು-ಕಾಟು ಇಲ್ಲದೆ ಬರೆಯಿರಿ ಎಂದು. ಠಾಕೂರರ ಹಸ್ತಪ್ರತಿಗಳಲ್ಲಿ ಕಾಟು ಬೇಕಾದಷ್ಟಿತ್ತು. ಒಂದು ಪದ ಬೇಡವಾಯಿತು, ಗೆರೆ ಎಳೆದರು. ಇನ್ನೊಂದು ಸಾಲು ಬೇಡವಾಯಿತು, ಮಸಿ ತುಂಬಿದರು. ಹಾಳೆಯ ತುಂಬ ಅಲ್ಲಲ್ಲಿ ಅನಾಥವಾಗಿ ಬಿದ್ದ ಈ ಕರಿ ಕಲೆಗಳು ಅವರ ಕಣ್ಣಿಗೆ ಚುಚ್ಚತೊಡಗಿದವು. ಲಯದ ಮನುಷ್ಯ, ಹಾಳೆಯ ಮೇಲಿನ ಲಯಗೆಟ್ಟ ಕಲೆಯನ್ನು ಸಹಿಸುವುದು ಕಷ್ಟ. ಒಂದು ಕಾಟಿನಿಂದ ಇನ್ನೊಂದು ಕಾಟಿಗೆ ಗೆರೆ ಎಳೆದು ಸೇರಿಸಿದರು. ಸೇರಿದ್ದು ಒಂದು ಬಳ್ಳಿಯ ಹಾಗೆ, ಒಂದು ಕೊಕ್ಕಿನ ಹಾಗೆ, ಯಾವುದೋ ಹೆಸರಿಲ್ಲದ ಪ್ರಾಣಿಯ ಬೆನ್ನಿನ ಹಾಗೆ ಆಯಿತು. 1923ರ ಸುಮಾರಿನ 'ರಕ್ತಕರಬಿ' ನಾಟಕದ ಕರಡಿನಲ್ಲಿ, 1924ರ 'ಪೂರಬಿ' ಕವಿತೆಗಳ ವಹಿಯಲ್ಲಿ ಇದು ವಿಪರೀತಕ್ಕೆ ಹೋಯಿತು. ಕೆಲವು ಪುಟಗಳಲ್ಲಿ ಕವಿತೆ ಬದಿಗೆ ಸರಿದು ಕಾಟೇ ಯಜಮಾನನಾಗಿ ಕೂತಿದೆ.

ಇಲ್ಲಿ ನಮ್ಮ ಮಾತಿನ ಒಂದು ಚಮತ್ಕಾರ ಹೇಳಬೇಕು. ಕಲಬುರಗಿ ಕಡೆ ನಾವು ಚಿತ್ರ 'ತೆಗೆಯುತ್ತೇವೆ'. ಮೈಸೂರು ಕಡೆಯವರು ಚಿತ್ರ 'ಬಿಡಿಸುತ್ತಾರೆ'. ಎರಡೂ ಕ್ರಿಯಾಪದಗಳಲ್ಲಿ ಇಲ್ಲದ್ದನ್ನು ತಂದು ಅಂಟಿಸುವ ಅರ್ಥವಿಲ್ಲ. ಒಳಗಿದ್ದದ್ದನ್ನು ಹೊರಗೆ ತೆಗೆಯುವುದು, ಕಟ್ಟಿಹಾಕಿದ್ದನ್ನು ಬಿಡಿಸುವುದು. ಸಾಲು ತೆಗೆದುಹಾಕುತ್ತಲೇ ಚಿತ್ರ ತೆಗೆದ ಈ ಬಂಗಾಳಿ ಮುದುಕನಿಗೆ ನಮ್ಮ ಕನ್ನಡ ಗೊತ್ತಿದ್ದರೆ ಖುಷಿಪಡುತ್ತಿದ್ದನೋ ಏನೋ.

ಆ ಕಾಟುಗಳನ್ನು ಮೊದಲು ಗಂಭೀರವಾಗಿ ನೋಡಿದವಳು ಮನೆಯವಳಲ್ಲ, ದೇಶದವಳಲ್ಲ. 1924ರ ಕೊನೆಗೆ ಠಾಕೂರರು ಪೆರು ದೇಶಕ್ಕೆ ಹೊರಟಿದ್ದರು. ದಾರಿಯಲ್ಲಿ ಕಾಯಿಲೆ ಬಿದ್ದು ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ನಿಲ್ಲಬೇಕಾಯಿತು. ವಿಕ್ಟೋರಿಯಾ ಒಕಾಂಪೊ ಎಂಬ ಲೇಖಕಿ ಅವರನ್ನು ಸ್ಯಾನ್ ಇಸಿದ್ರೊದಲ್ಲಿ, ನದಿ ಕಾಣುವ ಒಂದು ಮನೆಯಲ್ಲಿ ಸುಮಾರು ಎರಡು ತಿಂಗಳು ಇಟ್ಟುಕೊಂಡು ಉಪಚರಿಸಿದಳು. ಮೇಜಿನ ಮೇಲಿನ ವಹಿಯಲ್ಲಿ ಆಕೆಗೆ ಕವಿತೆ ಓದಲು ಬರುತ್ತಿರಲಿಲ್ಲ, ಬಂಗಾಳಿ ಗೊತ್ತಿಲ್ಲ. ಹಾಗಾಗಿ ಚಿತ್ತುಗಳನ್ನು ನೋಡಿದಳು. ಲಿಪಿ ಬಾರದಿದ್ದದ್ದೇ ಒಳ್ಳೆಯದಾಯಿತು ಎನ್ನಬೇಕು. 'ಪೂರಬಿ' ಅಚ್ಚಾದಾಗ ಠಾಕೂರರು ಅದನ್ನು 'ವಿಜಯಾ'ಗೆ ಅರ್ಪಿಸಿದರು. ವಿಕ್ಟೋರಿಯಾಗೆ ಅವರಿಟ್ಟ ಹೆಸರು ಅದು.

ಹಾಳೆಯ ಅಂಚಿನ ಆಟ ಬಿಟ್ಟು ಬಿಡಿ ಹಾಳೆಗಳ ಮೇಲೆ ಚಿತ್ರವೇ ಗುರಿಯಾಗಿ ಕೂತದ್ದು 1928ರಲ್ಲಿ. ಅದೇ ವರ್ಷ ಅವರು ಬೆಂಗಳೂರಿನಲ್ಲಿದ್ದರು. ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಬ್ರಜೇಂದ್ರನಾಥ ಸೀಲರ ಅತಿಥಿಯಾಗಿ ಬಂದು 'ಶೇಷೇರ್ ಕಬಿತಾ' ಕಾದಂಬರಿಯನ್ನು ಇಲ್ಲಿಯೇ ಮುಗಿಸಿದರು. ಆ ಹೊತ್ತಿಗೆ ಮೈಸೂರು ಸಂಸ್ಥಾನದಲ್ಲೇ ಇನ್ನೊಬ್ಬ ಚಿತ್ರಕಾರ ತನ್ನ ಪಾಡಿಗೆ ತಾನು ಕೂತಿದ್ದ. ಕೆ. ವೆಂಕಟಪ್ಪ. ಅರಮನೆಯ ಚಿತ್ರಗಾರ ಮನೆತನದ ಕುಡಿ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಕಲ್ಕತ್ತೆಗೆ ಹೋಗಿ, ಅಬನೀಂದ್ರನಾಥರ ಬಳಿ ವರ್ಷಗಟ್ಟಲೆ ಕಲಿತು, ಒಂದೊಂದು ಗೆರೆಯನ್ನೂ ಅಕ್ಕಸಾಲಿಗನ ಹಾಗೆ ತೂಗಿ ಎಳೆಯುತ್ತಿದ್ದ ಮನುಷ್ಯ. ವೀಣೆ ಶೇಷಣ್ಣನವರಲ್ಲಿ ವೀಣೆಯನ್ನೂ ಅಷ್ಟೇ ಶಿಸ್ತಿನಿಂದ ಕಲಿತವರು. ಠಾಕೂರ್ ಮನೆತನದ ಅಂಗಳದಲ್ಲಿ ಕಲಿತ ವೆಂಕಟಪ್ಪ ಒಂದು ಕಡೆ, ಅದೇ ಅಂಗಳದಲ್ಲಿ ಹುಟ್ಟಿಯೂ ಕಲಿಯದ ರವೀಂದ್ರನಾಥ ಇನ್ನೊಂದು ಕಡೆ. ವೆಂಕಟಪ್ಪನವರ ಕೈ ತಪ್ಪು ಮಾಡಲು ಒಪ್ಪುತ್ತಿರಲಿಲ್ಲ, ಠಾಕೂರರ ಕೈ ತಪ್ಪಿನಿಂದಲೇ ಶುರುವಾಗುತ್ತಿತ್ತು. ಯಾರು ದೊಡ್ಡವರು ಎಂಬ ಜಗಳ ನನಗೆ ಬೇಡ. ವೆಂಕಟಪ್ಪನವರ ನೀಲಗಿರಿಯ ಮಂಜು ನೋಡಿದವರು ಆ ಜಗಳ ಆಡುವುದಿಲ್ಲ.

ಆದರೆ ಸ್ವಂತ ಕಲಿಕೆಯ ಬಗ್ಗೆ ನಮ್ಮಲ್ಲಿ ಒಂದು ಹುಸಿ ಮೋಹ ಇದೆ, ಅದನ್ನು ಹೇಳಲೇಬೇಕು. ಗುರುವಿಲ್ಲದೆ ಕಲಿತ ಎಂದ ಕೂಡಲೇ ಆಕಾಶದಿಂದ ವಿದ್ಯೆ ಇಳಿಯಿತು ಎಂದುಕೊಳ್ಳುತ್ತೇವೆ. ಠಾಕೂರರು ಕೈಯನ್ನು ಪಳಗಿಸಿರಲಿಲ್ಲ ಅಷ್ಟೆ. ಕಣ್ಣನ್ನು ಐವತ್ತು ವರ್ಷ ಪಳಗಿಸಿದ್ದರು. ಯುರೋಪು, ಜಪಾನು, ಅಮೆರಿಕದ ಕಲಾಸಂಗ್ರಹಗಳನ್ನು ಸುತ್ತಿದ್ದರು. 1919ರಲ್ಲಿ ಶಾಂತಿನಿಕೇತನದಲ್ಲಿ ಕಲಾಭವನ ಶುರುಮಾಡಿ ನಂದಲಾಲ್ ಬೋಸರಂಥ ಕಲಾವಿದರನ್ನು ಕರೆತಂದಿದ್ದರು. 1922ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಜರ್ಮನಿಯ ಬೌಹೌಸ್ ಕಲಾಶಾಲೆಯ ಕಲಾವಿದರ ಪ್ರದರ್ಶನ ನಡೆಯಿತು. ಕ್ಯಾಂಡಿನ್‌ಸ್ಕಿ, ಪೌಲ್ ಕ್ಲೀ ಅವರ ಚಿತ್ರಗಳು ಅಷ್ಟು ಬೇಗ ಭಾರತಕ್ಕೆ ಬಂದದ್ದರ ಹಿಂದೆ ಠಾಕೂರರ ಆಸಕ್ತಿಯೂ ಸ್ಟೆಲ್ಲಾ ಕ್ರಾಮ್ರಿಶ್ ಎಂಬ ವಿದುಷಿಯ ಓಡಾಟವೂ ಇತ್ತು. ಕ್ಯಾಂಡಿನ್‌ಸ್ಕಿಯೂ ತಡವಾಗಿ ಬಂದವನೇ. ಕಾನೂನು ಓದಿ, ಮೂವತ್ತರ ವಯಸ್ಸಿನಲ್ಲಿ ಆ ದಾರಿ ಬಿಟ್ಟು ಕುಂಚ ಹಿಡಿದವನು.

ಕುಂಚವನ್ನಾದರೂ ಠಾಕೂರರು ಸರಿಯಾಗಿ ಹಿಡಿದರೇ? ಕಡಿಮೆ. ಫೌಂಟನ್ ಪೆನ್ನು, ಬಣ್ಣದ ಶಾಯಿ, ಪೆನ್ನಿನ ಹಿಂಬದಿ, ಬೆರಳು, ಬಟ್ಟೆಯ ತುಂಡು, ಒಮ್ಮೊಮ್ಮೆ ಹೂವಿನ ಎಸಳಿನ ರಸ. ಕೈಗೆ ಸಿಕ್ಕ ಕಾಗದ. ಒಮ್ಮೆ ಕೂತರೆ ಮುಗಿಯಬೇಕು, ಮತ್ತೆ ತಿದ್ದುವ ತಾಳ್ಮೆಯಿಲ್ಲ. ಬಣ್ಣದ ಮಾತು ಬಂದಾಗ ಇನ್ನೊಂದು ಸಂಗತಿ. ಅವರಿಗೆ ಕೆಂಪು ಮತ್ತು ಹಸಿರಿನ ಭೇದ ಚೆನ್ನಾಗಿ ಕಾಣುತ್ತಿರಲಿಲ್ಲ ಎಂದು ಅವರ ಬರಹ, ಚಿತ್ರ ಎರಡನ್ನೂ ಜಾಲಾಡಿದ ವಿದ್ವಾಂಸರು ಹೇಳುತ್ತಾರೆ. ಆ ಮಣ್ಣುಗಂದು, ಆ ಒಣಗಿದ ಹಳದಿ, ಸಂಜೆಗತ್ತಲಿನಂಥ ಕರಿ, ಇವೆಲ್ಲ ಎಲ್ಲಿಂದ ಬಂದವು ಎಂಬುದಕ್ಕೆ ಅದೂ ಒಂದು ಕಾರಣ ಇರಬಹುದು. ನನಗಂತೂ ಆ ಬಣ್ಣಗಳಲ್ಲಿ ನಮ್ಮ ಎರೆಹೊಲದ ಬೇಸಿಗೆ ಕಾಣುತ್ತದೆ. ತೊಗರಿ ಕಟಾವಾದ ಮೇಲೆ ಉಳಿಯುವ ಬಣ್ಣ.

ಅವರನ್ನು ಅಮೂರ್ತ ಚಿತ್ರಕಾರ ಎಂದು ಪೂರಾ ಕರೆದರೆ ತಕರಾರು ಬರುತ್ತದೆ, ಬರಲಿ. ಮೊದಲ ಕಾಟುಗಳಲ್ಲಿ ಇದ್ದದ್ದು ಶುದ್ಧ ಗೆರೆ, ಶುದ್ಧ ಲಯ. ಅಲ್ಲಿ ವಸ್ತುವೇ ಇಲ್ಲ. ಆಮೇಲೆ ಬಂದವು ಯಾವ ಪ್ರಾಣಿಶಾಸ್ತ್ರದಲ್ಲೂ ಇಲ್ಲದ ಪ್ರಾಣಿಗಳು, ಮುಖವಾಡಗಳು, ಮುಸುಕಿನ ಹೆಂಗಸರು, ಮನುಷ್ಯರಿಲ್ಲದ ಸಂಜೆಯ ಬಯಲು. ಆ ಅಂಡಾಕಾರದ ಹೆಣ್ಣುಮುಖಗಳನ್ನು ಕಂಡವರೆಲ್ಲ 1884ರಲ್ಲಿ ತೀರಿಕೊಂಡ ಅತ್ತಿಗೆ ಕಾದಂಬರಿ ದೇವಿಯ ಹೆಸರು ಎತ್ತುತ್ತಾರೆ. ಇರಬಹುದು. ಆದರೆ ಅದೂ ಮತ್ತೆ "ಇದು ಯಾರದು?" ಎಂಬ ಕ್ಯಾಲೆಂಡರಿನ ಪ್ರಶ್ನೆಯೇ ಆಯಿತಲ್ಲ. ಮುಖ ಕಂಡರೂ ಆ ಮುಖ ಯಾರನ್ನೂ ತೋರಿಸುತ್ತಿಲ್ಲ, ಗೆರೆ ತಾನಾಗಿ ಅಲ್ಲಿಗೆ ಬಂದು ನಿಂತಿದೆ. ವಿಗ್ರಹವನ್ನು ಒಪ್ಪದ, ನಿರಾಕಾರವನ್ನು ಪ್ರಾರ್ಥಿಸುವ ಬ್ರಾಹ್ಮ ಸಮಾಜದ ಮನೆಯಲ್ಲಿ ಬೆಳೆದವನು ಅರವತ್ತಾದ ಮೇಲೆ ಆಕಾರಕ್ಕೆ ಕೈಹಾಕಿದಾಗ, ಅದು ಹೀಗೆ ಹಿತ್ತಲ ಬಾಗಿಲಿನಿಂದ, ಅಳಿಸಿದ ಸಾಲುಗಳ ಸಂದಿಯಿಂದಲೇ ಒಳಗೆ ಬರಬೇಕಿತ್ತೇನೋ.

ಇನ್ನು ಪ್ಯಾರಿಸ್. 1930ರಲ್ಲಿ ಆಕ್ಸ್‌ಫರ್ಡಿನ ಉಪನ್ಯಾಸಗಳಿಗೆಂದು ಯುರೋಪಿಗೆ ಹೊರಟಾಗ ಠಾಕೂರರು ಸಾಮಾನಿನ ಜೊತೆ ನೂರಾರು ಚಿತ್ರಗಳನ್ನೂ ಕಟ್ಟಿಕೊಂಡು ಹೋದರು. ಪ್ಯಾರಿಸ್ಸಿನಲ್ಲಿ ಪ್ರದರ್ಶನಕ್ಕೆ ಜಾಗ ಸಿಗುವುದು ಸುಲಭದ ಮಾತಲ್ಲ. ಒಕಾಂಪೊ ಮತ್ತೆ ಬಂದಳು. ತಿಂಗಳುಗಟ್ಟಲೆ ಹಿಡಿಯುವ ಏರ್ಪಾಟನ್ನು ಕೆಲವೇ ವಾರಗಳಲ್ಲಿ ಮುಗಿಸಿದಳು. ಮೇ 2ರಂದು ಪಿಗಾಲ್ ಗ್ಯಾಲರಿಯಲ್ಲಿ ಬಾಗಿಲು ತೆರೆಯಿತು. ಕವಯಿತ್ರಿ ಆನಾ ದ ನೊಆಯ್ ಮುನ್ನುಡಿ ಬರೆದಿದ್ದಳು. ಐದು ದಿನ ಕಳೆದರೆ ಠಾಕೂರರಿಗೆ ಅರವತ್ತೊಂಬತ್ತು ತುಂಬುತ್ತಿತ್ತು. ಪ್ಯಾರಿಸ್ಸಿಗಲ್ಲ ಎಂದು ಮೂವತ್ತು ವರ್ಷದ ಹಿಂದೆ ಕಾಗದ ಬರೆದಿದ್ದ ಮನುಷ್ಯನ ಮೊದಲ ಪ್ರದರ್ಶನ ಪ್ಯಾರಿಸ್ಸಿನಲ್ಲೇ ಆಯಿತು. ಆಮೇಲೆ ಬರ್ಮಿಂಗ್‌ಹ್ಯಾಮ್, ಬರ್ಲಿನ್, ಕೋಪನ್‌ಹೇಗನ್, ಮಾಸ್ಕೋ, ನ್ಯೂಯಾರ್ಕ್. ಒಂದೇ ವರ್ಷದಲ್ಲಿ ಇಷ್ಟು ಊರು. ಬರ್ಲಿನ್ನಿನ ರಾಷ್ಟ್ರೀಯ ಸಂಗ್ರಹಕ್ಕೆ ಐದು ಚಿತ್ರಗಳು ಸೇರಿದವು. 1937ರಲ್ಲಿ ನಾಜಿಗಳು 'ಕೆಟ್ಟ ಕಲೆ' ಎಂದು ಆಧುನಿಕ ಚಿತ್ರಗಳನ್ನೆಲ್ಲ ಹೊರಗೆ ಹಾಕಿದಾಗ ಇವೂ ಹೊರಬಿದ್ದವು. ಕಾಟು ಹೊಡೆಯುವುದರಲ್ಲಿ ಹಿಟ್ಲರನೂ ಹಿಂದೆ ಬಿದ್ದವನಲ್ಲ, ಆದರೆ ಅವನ ಕಾಟಿನಿಂದ ಏನೂ ಮೊಳೆಯಲಿಲ್ಲ.

ಊರಿನವರಿಗೆ ತೋರಿಸಲು ಮಾತ್ರ ಅಂಜಿಕೆ. ಕಲ್ಕತ್ತೆಯಲ್ಲಿ ಅವರ ಚಿತ್ರಗಳದ್ದೇ ಪ್ರದರ್ಶನ ಆದದ್ದು 1932ರಲ್ಲಿ, ಮುಕುಲ್ ಡೇ ಪ್ರಾಂಶುಪಾಲರಾಗಿದ್ದ ಸರಕಾರಿ ಕಲಾಶಾಲೆಯಲ್ಲಿ. ಅಷ್ಟರಲ್ಲಿ ಅರ್ಧ ಜಗತ್ತು ನೋಡಿಯಾಗಿತ್ತು. ಊರಿನ ಪ್ರತಿಕ್ರಿಯೆ ನೀವು ಊಹಿಸಬಹುದು. ನೊಬೆಲ್ ಬಂದ ಕವಿ, ಎದುರಿಗೆ ನಗುವ ಹಾಗಿಲ್ಲ, ಒಪ್ಪುವ ಹಾಗೂ ಇಲ್ಲ. ಏನಿದು, ಹೆಸರೇನು, ಅರ್ಥವೇನು ಎಂದು ಕೇಳಿದವರಿಗೆ ಅವರು ಕೊಟ್ಟ ಉತ್ತರದ ಸಾರ ಇಷ್ಟೇ: ನನ್ನ ಚಿತ್ರಗಳು ಸುಮ್ಮನಿವೆ, ನಾನೂ ಅವುಗಳ ಹಾಗೆ ಸುಮ್ಮನಿರುತ್ತೇನೆ. ಜೀವಮಾನವಿಡೀ ಮಾತನ್ನೇ ದುಡಿದ ಮನುಷ್ಯ ಕೊನೆಗೆ ಮಾತಿಲ್ಲದ ಒಂದು ಜಾಗ ಹುಡುಕಿಕೊಂಡಿದ್ದ. ಅಲ್ಲಿಗೂ ಹೋಗಿ ನಾವು ಅರ್ಥ ಕೇಳಿದೆವು.

ಬಹುತೇಕ ಚಿತ್ರಗಳಿಗೆ ಹೆಸರಿಲ್ಲ. ಎಷ್ಟೋ ಚಿತ್ರಗಳಿಗೆ ತಾರೀಖೂ ಇಲ್ಲ. 1937ರಲ್ಲಿ 'ಖಾಪ್‌ಛಾಡಾ', 'ಶೇ' ಎಂಬ ಎರಡು ವಿನೋದದ ಪುಸ್ತಕಗಳಿಗೆ ತಾವೇ ಚಿತ್ರ ತೆಗೆದರು. 1940ರಲ್ಲಿ 'ಚಿತ್ರಲಿಪಿ' ಎಂಬ ಚಿತ್ರಸಂಪುಟ ಹೊರಬಂತು. ಮಾರನೆಯ ವರ್ಷ ಆಗಸ್ಟ್ 7ರಂದು ತೀರಿಕೊಂಡರು. ಚಿತ್ರಗಳ ದೊಡ್ಡ ಪಾಲು ಶಾಂತಿನಿಕೇತನದಲ್ಲೇ ಇದೆ. 2011ರಲ್ಲಿ, ಹುಟ್ಟಿದ 150ನೇ ವರ್ಷಕ್ಕೆ, ಆರ್. ಶಿವಕುಮಾರ್ ಸಂಪಾದಿಸಿದ 'ರವೀಂದ್ರ ಚಿತ್ರಾವಳಿ' ನಾಲ್ಕು ದಪ್ಪ ಸಂಪುಟಗಳಲ್ಲಿ ಬಂದಾಗಲೇ ನನ್ನಂಥವರಿಗೆ ಇವುಗಳ ರಾಶಿ ಎಷ್ಟು ದೊಡ್ಡದೆಂದು ತಿಳಿದದ್ದು. ಅದರ ಹಿಂದಿನ ವರ್ಷ ಇಂಗ್ಲೆಂಡಿನ ಡಾರ್ಟಿಂಗ್ಟನ್ ಹಾಲ್ ಸಂಸ್ಥೆಯ ಬಳಿಯಿದ್ದ 12 ಚಿತ್ರಗಳು ಲಂಡನ್ನಿನ ಹರಾಜಿನಲ್ಲಿ ಸುಮಾರು 16 ಲಕ್ಷ ಪೌಂಡಿಗೆ ಹೋದವು. ಭಾರತದೊಳಗಿರುವ ಅವರ ಚಿತ್ರಗಳು ರಾಷ್ಟ್ರೀಯ ಸಂಪತ್ತು, ದೇಶದ ಗಡಿ ದಾಟಿಸಿ ಮಾರುವಂತಿಲ್ಲ.

ಮೊನ್ನೆ ಚೌಡಾಪುರದಲ್ಲಿ ಬಸ್ಸಿಗೆ ಕಾಯುತ್ತ ನಿಂತಾಗ ಒಬ್ಬ ಮುದುಕಿಯ ತಲೆಯ ಮೇಲಿದ್ದ ಗಂಟಿನಲ್ಲಿ ಒಂದು ಕೌದಿ ಕಂಡಿತು. ಹಳೆ ಸೀರೆಯ ಕೆಂಪು, ಧೋತರದ ಮಾಸಲು ಬಿಳಿ, ಕುಪ್ಪಸದ ಹಸಿರು, ಯಾವುದೋ ಹುಡುಗನ ಶಾಲೆಯ ಖಾಕಿ. ಚೌಕವೆಂದರೆ ಚೌಕವಲ್ಲ, ಅಂಚು ಅಂಚಿಗೆ ಸೇರಿಲ್ಲ, ಆದರೆ ಕಣ್ಣು ಕೀಳಲಾಗದ ಹಾಗೆ ಕೂಡಿಕೊಂಡಿತ್ತು. ಅದನ್ನು ನೋಡಿ ಇದು ಏನು, ಯಾರ ಚಿತ್ರ ಎಂದು ಯಾರೂ ಕೇಳಲಿಲ್ಲ. ಕೌದಿಯ ಮುಂದೆ ಆ ಪ್ರಶ್ನೆ ಏಳುವುದಿಲ್ಲ, ಅಂಗಳದ ರಂಗೋಲಿಯ ಮುಂದೆಯೂ ಏಳುವುದಿಲ್ಲ. ಪಾದುಕೆಯ ಮುಂದೆಯಂತೂ ಕೈ ತಾನಾಗಿ ಮುಗಿಯುತ್ತದೆ. ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕಿದರೆ ಮಾತ್ರ ನಮ್ಮ ಕಣ್ಣು ಪೊಲೀಸಾಗುತ್ತದೆ.

ಹಾಗಾಗಿ ನಮ್ಮ ಅಫಜಲಪುರ, ಆಳಂದ, ಜೇವರ್ಗಿ ಸೀಮೆಯ ಶಾಲೆಗಳ ಮೇಷ್ಟ್ರಿಗೆ ಒಂದು ಮಾತು. ಠಾಕೂರರ ಕೃತಿಗಳ ಹಕ್ಕುಸ್ವಾಮ್ಯ 1991ಕ್ಕೇ ಮುಗಿಯಬೇಕಿತ್ತು. ಅವರಿಗೋಸ್ಕರವೇ ಎಂಬಂತೆ ದೇಶದ ಕಾನೂನನ್ನು ತಿದ್ದಿ, ಲೇಖಕ ತೀರಿಕೊಂಡ ಮೇಲಿನ 50 ವರ್ಷದ ಗಡುವನ್ನು 60ಕ್ಕೆ ಏರಿಸಿದರು. ಆ ಗಡುವೂ 2001ರ ಡಿಸೆಂಬರ್ 31ಕ್ಕೆ ತೀರಿತು. ಈಗ ಅವರ ಒಂದು ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಿಸಿ ತರಗತಿಯ ಗೋಡೆಗೆ ಅಂಟಿಸಲು ಯಾರನ್ನೂ ಕೇಳಬೇಕಿಲ್ಲ; ಕ್ಯಾಲೆಂಡರಿಗೆ ಆಗುವಷ್ಟೂ ಖರ್ಚಾಗದು. ಹಚ್ಚಿರಿ. ಕೆಳಗೆ ಹೆಸರು ಮಾತ್ರ ಬರೆಯಬೇಡಿ, ಅವರೂ ಬರೆದಿರಲಿಲ್ಲ.